ಹ್ಯಾಂಡಲ್ಲಿನ ವೈರುಗಳಲ್ಲಿ ನಾಲ್ಕು ಬೆರಳು ಸಡಿಲಿಕೆ ಕೋರಿ

ನನ್ನ ಮೋಟಾರ್‌ಸೈಕಲ್ಲಿನ ಹೊಸ ಹ್ಯಾಂಡಲ್ಲಿನ ಬುಡದಲ್ಲಿ ಬಿಗಿಯಾಗಿ ವಾಸವಾಗಿರುವ ವೈರುಗಳ ಸಮಸ್ತ ಬಳಗಕ್ಕೆ,

ಮಾನ್ಯರೇ,

ಕೆಂಪು, ಕಪ್ಪು, ಹಳದಿ ಎಂಬ ಭೇದವೆಣಿಸದೆ ತಮಗೆಲ್ಲ ಗೋವಾದ ಕಲಂಗುಟ್‌ನ ಮೋಟಾರ್‌ಸೈಕಲ್ ಪೈಲಟ್, ಅಂದರೆ ಗಿರಾಕಿಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಾಡಿಗೆ ಹೊಡೆಯುವ ಕಂಠೆಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ, ನಾನಂತೂ ಅಲ್ಲ.

ಬಗ್ಗಿ ಬಗ್ಗಿ ಓಡಿಸಿ ಸೊಂಟ ಹಿಡಿದದ್ದರಿಂದ ಎತ್ತರದ ಹ್ಯಾಂಡಲ್ ತಂದು, ಮೆಕ್ಯಾನಿಕ್ ಮುಜಮ್ಮಿಲನನ್ನು ಕರೆಯದೆ ನಾನೇ ಸ್ಪ್ಯಾನರು, ಅಂದರೆ ನಮ್ಮ ಪಾನಾ, ಹಿಡಿದು ಕೂರಿಸಿದೆ. ಹಳೆಯದಕ್ಕೆ ಸಾಕಾಗಿದ್ದ ತಮ್ಮನ್ನು ಹೊಸದಕ್ಕೆ ಎಳೆದೆಳೆದು ಮುಟ್ಟಿಸಿ, ಹ್ಯಾಂಡಲ್ ನೇರವಾಗಿದ್ದಾಗಲೇ ಹಾರ್ನ್ ಒತ್ತಿ, ದೀಪ ಹಚ್ಚಿ, ಎಲ್ಲ ಸರಿಯಾಯಿತೆಂದು ತೆಂಗಿನಕಾಯಿ ಒಡೆದುಬಿಟ್ಟೆ. ಎಡಬಲಕ್ಕೆ ತಿರುಗಿಸಿ ನೋಡುವ ಬುದ್ಧಿ ಬರುವಷ್ಟರಲ್ಲಿ ಮಡದಿ ಮುರುಗೆವ್ವ ಎಲ್ಲಮ್ಮನ ಗುಡ್ಡದಿಂದ ತಂದ ದಾರವನ್ನು ತಮ್ಮೆಲ್ಲರ ಮೇಲೆ ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದಾಗಿತ್ತು. ದೇವಿಯ ದಾರ, ಅಮಾವಾಸ್ಯೆಯವರೆಗೆ ಬಿಚ್ಚುವಂತಿಲ್ಲ.

ಅಂದಿನಿಂದ ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಎಡಕ್ಕೆ ತಿರುಗಿದರೆ ನಾನು ಮುಟ್ಟದೆಯೇ ಹಾರ್ನ್ ಕೂಗುತ್ತದೆ, ಬಲಕ್ಕೆ ತಿರುಗಿದರೆ ಎಂಜಿನ್ನೇ ನಿಂತುಬಿಡುತ್ತದೆ. ಮೊನ್ನೆ ಇಗರ್ಜಿಯ ಮುಂದೆ ಶವಯಾತ್ರೆಯ ಹಿಂದಿನಿಂದ ಮೆಲ್ಲಗೆ ಎಡಕ್ಕೆ ಹೊರಳಿದಾಗ ತಾವು ಹಾಕಿದ ಕೂಗಿಗೆ ಪಾದ್ರಿಗಳೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಂಥ ಗೌರವ ನಮ್ಮ ವಂಶದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಸದ್ಯಕ್ಕೆ ಬಲಗಡೆ ಕೆಲಸವಿರುವ ಗಿರಾಕಿಗಳನ್ನು ಕೈಬಿಟ್ಟಿದ್ದೇನೆ.

ಆದರೆ ಸೋಮವಾರ ಧಾರವಾಡದಲ್ಲಿ ಮಗಳು ಅಶ್ವಿನಿಯ ಕುಬಸ. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ ಉಡಿಸಲು ಮುರುಗೆವ್ವನನ್ನು ಹಿಂದೆ ಕೂರಿಸಿಕೊಂಡು ಮೊಲೆಂ ದಾಟಿ ಘಾಟಿ ಹತ್ತಬೇಕು. ಬಸ್ಸಿಗೆ ಹೋಗೋಣವೆಂದರೆ, "ಮತ್ತ ಹೊಸಾ ಹ್ಯಾಂಡಲ್ ಯಾಕ ಹಾಕೀರಿ?" ಎಂದು ಕೇಳಿದಳು. ಹಾಳು ಅಮಾವಾಸ್ಯೆ ಬರುವುದು ಕುಬಸ ಮುಗಿದ ಮೇಲೆ. ಬಲತಿರುವಿನಲ್ಲಿ ಎದುರಿಗೆ ಲಾರಿ ಬರುವಾಗ ತಾವು ಮೌನವ್ರತ ಹಿಡಿದರೆ ಅವಳ ಗತಿಯೇನೆಂದು ನೆನೆದು ನನಗೆ ನಿಜಕ್ಕೂ ಹೆದರಿಕೆಯಾಗಿದೆ. ದಾರ ಬಿಚ್ಚೆಂದು ಅವಳಿಗೆ ಹೇಳಲು ಅದಕ್ಕಿಂತ ಹೆಚ್ಚು ಹೆದರಿಕೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಹೀರೇಬಳ್ಳಿಯ ಹಾಗೆ ಭಾನುವಾರದೊಳಗೆ ನಾಲ್ಕು ಬೆರಳು ಬೆಳೆಯಬೇಕಾಗಿ ವಿನಂತಿ. ಅದು ಆಗದಿದ್ದಲ್ಲಿ ಘಾಟಿಯ ತಿರುವುಗಳನ್ನು ಒಂದು ದಿನದ ಮಟ್ಟಿಗೆ ನೆಟ್ಟಗೆ ಮಾಡಿಸಿಕೊಡುವುದು, ಇಲ್ಲವೇ ಅಮಾವಾಸ್ಯೆಯನ್ನು ಸ್ವಲ್ಪ ಬೇಗ ಬರಹೇಳುವುದು.

ಸದ್ಯ ಎಡಕ್ಕೆ ಮಾತ್ರ ತಿರುಗಬಲ್ಲ, ತಮ್ಮ ವಿಶ್ವಾಸಿ,
ಕಂಠೆಪ್ಪ

ತಾ.ಕ.: ಸಹಿ ಹಾಕಿದ ಮೇಲೆ ಮುರುಗೆವ್ವನನ್ನು ಮಾಪ್ಸಾ ಸಂತೆಗೆ ಕರೆದುಕೊಂಡು ಹೊರಟಿದ್ದೆ. ಬಲತಿರುವಿನಲ್ಲಿ, ಬಸ್ಸು ಎದುರಿಗಿರುವಾಗಲೇ ಎಂಜಿನ್ ನಿಂತಿತು. ಅವಳು ಇಳಿದು, ಗಾಡಿಯನ್ನು ನನ್ನ ಸಮೇತ ಪಕ್ಕಕ್ಕೆ ತಳ್ಳಿ, "ಎಲ್ಲವ್ವಗ ನಾ ಹೇಳ್ಕೋತೇನಿ" ಎಂದು ದಾರವನ್ನು ಹಲ್ಲಿನಿಂದಲೇ ಬಿಚ್ಚಿದಳು. ಮುಜಮ್ಮಿಲ ತಮಗೆ ವೈರು ಜೋಡಿಸಿ ಉದ್ದ ಮಾಡಿ, ಸಡಿಲವಾಗಿ ಹಾಯಿಸಿದ್ದಾನೆ. ಸೋಮವಾರ ನಿಶ್ಚಿಂತೆಯಿಂದ ಘಾಟಿ ಹತ್ತುತ್ತೇವೆ. ದಾರ ಮಾತ್ರ ವ್ಯರ್ಥವಾಗಿಲ್ಲ: "ಕಟ್ಟಬೇಕಾದ್ದು ಗಾಡಿಗಲ್ಲರಿ, ಪಾನಾ ಹಿಡಿಯೋ ಈ ಕೈಗೆ" ಎಂದು ಅದನ್ನು ನನ್ನ ಬಲಗೈಗೇ ಕಟ್ಟಿದ್ದಾಳೆ. ಗಂಟು ತಮಗೆ ಹಾಕಿದ್ದಕ್ಕಿಂತ ಬಿಗಿಯಾಗಿದೆ.