ಪೈಲ್ವಾನನ ಮೂತಿಪಟ್ಟಿ

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಈಶ್ವರಯ್ಯನವರು ದಿನಾ ಬೆಳಿಗ್ಗೆ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಾರೆ ಎನ್ನುವುದು ಅವರೊಬ್ಬರದೇ ಅಭಿಪ್ರಾಯವಾಗಿತ್ತು. ಊರಿನವರು ಕಂಡದ್ದು ಬೇರೆ. ಅರಕಲಗೂಡಿನ ಅಳಿಯ ಕೊಟ್ಟ ಪೈಲ್ವಾನ ಎಂಬ ಕರಿನಾಯಿ ಮುಂದೆ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಪಂಚೆ ಹಿಡಿದ ಈಶ್ವರಯ್ಯ ಹಿಂದೆ. ಚಪ್ಪಲಿ ಅವರಿಗಿಂತ ಇನ್ನೂ ಹಿಂದೆ, ಎಸ್‌ಟಿಡಿ ಬೂತಿನ ಹತ್ತಿರ ಬಿದ್ದಿರುತ್ತಿತ್ತು.

ಪಕ್ಕದ ಮಂಡಿಯ ರುದ್ರಯ್ಯನಿಗೆ ಇದು ಬೆಳಗಿನ ಕಾಫಿಗಿಂತ ರುಚಿ. “ಈಶ್ವರಯ್ನೋರೆ, ನಾಯಿ ಇವತ್ತು ನಿಮ್ಮನ್ನ ಎಲ್ಲಿಗೆ ಕರ್ಕೊಂಡೋಯ್ತಾ ಅದೆ?” ಎಂದು ಮಾರ್ಕೆಟ್ಟಿಗೆಲ್ಲ ಕೇಳುವಂತೆ ವಿಚಾರಿಸಿದ.

ಈಶ್ವರಯ್ಯನವರ ಮೈ ಉರಿಯಿತು. “ಸೋಮವಾರ ನೋಡು. ಮದುವಣಗಿತ್ತಿ ಅಂಗೆ ಪಕ್ಕದಲ್ಲೇ ನಡೀತದೆ.”

“ಎಳೀದೆ ಬಂದ್ರೆ ಹಗ್ಗ ಹಿಡಿದೋರಿಗೆ ಎಲ್ರ ಮುಂದೆ ಹಾರ. ಎಳುದ್ರೆ ಇನ್ಮೇಲೆ ನಮಸ್ಕಾರ ನಾಯಿಗೆ ಮಾತ್ರ, ನಿಮಗಿಲ್ಲ” ಎಂದ ರುದ್ರಯ್ಯ.

ಮಾನದ ಪ್ರಶ್ನೆ ಬಂದಮೇಲೆ ಸುಮ್ಮನಿರುವುದುಂಟೆ? ಈಶ್ವರಯ್ಯ ಹಾಸನಕ್ಕೆ ಹೋಗಿ, ನಾಯಿಯ ಮೂತಿಗೂ ಕುತ್ತಿಗೆಗೂ ಸುತ್ತುವ, ಗದ್ದದ ಕೆಳಗೆ ಹಗ್ಗ ಕಟ್ಟುವ ಪಟ್ಟಿಗಳನ್ನೆಲ್ಲ ಅಂಗಡಿಯಲ್ಲಿ ಹರಡಿಸಿದರು. ನೈಲಾನಿನದು ಒರಟು, ಸರಪಳಿಯದು ಪಾಪ. ಕೊನೆಗೆ ಚರ್ಮದ್ದು, ಎಲ್ಲಕ್ಕಿಂತ ದೊಡ್ಡ ಸೈಜು, ಒಪ್ಪಿಗೆಯಾಯಿತು. “ಮೂಗು ಎತ್ತಲಾಗೋ ಮೈ ಅತ್ತಲಾಗೆ ಸಾ. ಜೋರು ಬೇಕೇ ಇಲ್ಲ” ಎಂದ ಅಂಗಡಿಯವನು.

ಮನೆಯಲ್ಲಿ ಹೆಂಡತಿ ಶಿವಗಂಗಮ್ಮ, “ಸರಿ, ನಾಯಿಗೆ ಆಕಿ ನೋಡಿ” ಎಂದರು.

“ಹಂಗೇ ಹಾಕಕ್ಕಾಯ್ತದಾ? ನಮ್ಮಪ್ಪ ಎತ್ತಿಗೆ ಹೊಸ ಹಗ್ಗ ತಂದ್ರೆ ಎಣ್ಣೆ ಕುಡಿಸಿ, ಮೊದ್ಲು ತನ್ ಕೆನ್ನೆಗೆ ಉಜ್ಜಿ ನೋಡೋನು. ಮೂಕಪ್ರಾಣಿ ಬಾಯ್ಬಿಟ್ಟು ಹೇಳ್ತದಾ?”

“ನಿಮ್ಮಪ್ಪ ಕೆನ್ನೇಲೇ ನಿಲ್ಲಿಸ್ತಿದ್ರು” ಎಂದು ಎಚ್ಚರಿಸಿದರು ಶಿವಗಂಗಮ್ಮ. (ಇಂಥ ಎಚ್ಚರಿಕೆಗಳನ್ನು ಈಶ್ವರಯ್ಯ ಮದುವೆಯಾದಂದಿನಿಂದ ಕೇಳಿಲ್ಲ.)

ಭಾನುವಾರವೆಲ್ಲ ಪಟ್ಟಿ ಗಾಣದ ಕೊಬ್ಬರಿ ಎಣ್ಣೆಯಲ್ಲಿ ನೆನೆಯಿತು. ಸೋಮವಾರ ಬೆಳಿಗ್ಗೆ ಅದಕ್ಕೆ ಹಗ್ಗ ಕಟ್ಟಿ, ಈಶ್ವರಯ್ಯನವರು ಕನ್ನಡಿಯ ಮುಂದೆ ನಿಂತು ತಮ್ಮದೇ ಮೂಗಿನ ಮೇಲೆ ಏರಿಸಿ, ಕತ್ತಿನ ಹಿಂದೆ ಕೊನೆಯ ತೂತಿಗೆ ಕೊಂಡಿ ಸಿಕ್ಕಿಸಿದರು. ಹಿತವಾಗಿಯೇ ಇತ್ತು. ಬಿಚ್ಚಲು ಹೋದರೆ, ಎಣ್ಣೆ ಕುಡಿದು ಊದಿದ ಚರ್ಮ ಕೊಂಡಿಯನ್ನು ನುಂಗಿ ಕೂತಿತ್ತು.

“ಲೇ, ಬಾ ಇಲ್ಲಿ” ಎಂದರು ಹಲ್ಲು ಬಿಚ್ಚಲಾಗದೆ.

ಶಿವಗಂಗಮ್ಮ ಎಳೆದರು, ತಿರುಚಿದರು, ಉಗುರು ಮುರಿದುಕೊಂಡರು. ಕತ್ತರಿ ತಂದಾಗ ಈಶ್ವರಯ್ಯ ಎರಡೂ ಕೈ ಅಡ್ಡ ಹಿಡಿದರು. ಪಟ್ಟಿ ಕತ್ತರಿಸಿದರೆ ಇವತ್ತಿನ ಹಾರ ಹೋಯಿತು.

“ಅಂಗಾದ್ರೆ ಚಪ್ಪಲಿ ಒಲಿಯೋ ಚಂದ್ರಯ್ಯನೇ ಬಿಚ್ಚಬೇಕು. ನಡೀರಿ.”

ಚಂದ್ರಯ್ಯ ಕೂರುವುದು ರುದ್ರಯ್ಯನ ಮಂಡಿಯ ಎದುರಿಗೇ. ಬೇರೆ ದಾರಿಯಿಲ್ಲದೆ ಈಶ್ವರಯ್ಯ ತಲೆಯ ಮೇಲೆ ಟವೆಲು ಹೊದ್ದು ಹೊರಟರು. ಗದ್ದದಿಂದ ಇಳಿಬಿದ್ದ ಹಗ್ಗ ಕಾಲಿಗೆ ತೊಡರಿ ಎರಡು ಸಲ ಮುಗ್ಗರಿಸಿದ ಮೇಲೆ, ಶಿವಗಂಗಮ್ಮ ಅದರ ತುದಿಯನ್ನು ಎತ್ತಿ ತಮ್ಮ ಕೈಯಲ್ಲಿ ಹಿಡಿದುಕೊಂಡರು. ಪೈಲ್ವಾನನಿಗೆ ಕೊಬ್ಬರಿ ಎಣ್ಣೆಯೆಂದರೆ ಪ್ರಾಣ. ಯಜಮಾನರ ಮುಖವನ್ನೇ ನೋಡುತ್ತ, ನಾಲಿಗೆ ಸವರಿಕೊಳ್ಳುತ್ತ, ಹಗ್ಗವೇ ಇಲ್ಲದೆ ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ಹಾಕಿತು.

ರುದ್ರಯ್ಯ ಹಾರ ಹಿಡಿದೇ ನಿಂತಿದ್ದ. ಹಮಾಲರು ಮೂಟೆ ಇಳಿಸಿ ನೋಡಿದರು. ಗಾಳಿಗೆ ಟವೆಲು ಹಾರಿತು. ಈಶ್ವರಯ್ಯನವರಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ರುದ್ರಯ್ಯ ನಗಲಿಲ್ಲ. ಅದೇ ಇನ್ನೂ ಕಷ್ಟವಾಗಿತ್ತು. ನಾಯಿಯನ್ನು ನೋಡಿದ, ಪಟ್ಟಿಯನ್ನು ನೋಡಿದ, ಹಗ್ಗದ ತುದಿಯವರೆಗೆ ಕಣ್ಣು ಹಾಯಿಸಿದ. ಆಮೇಲೆ ನೆಟ್ಟಗೆ ಬಂದು ಹಾರವನ್ನು ಶಿವಗಂಗಮ್ಮನ ಕೈಗಿಟ್ಟ. “ತಗಳಿ ಅಕ್ಕಾ. ಮಾತು ಅಂದ್ರೆ ಮಾತು. ಹಗ್ಗ ಹಿಡಿದೋರಿಗೆ ಅಂದಿದ್ದೆ.”

“ಅದೆಂಗಾಯ್ತದೆ? ಪಟ್ಟಿ ಆರಿಸ್ದೋನು ನಾನು ಕಣಯ್ಯ” ಎಂದು ಈಶ್ವರಯ್ಯ ಹಲ್ಲು ಕಚ್ಚಿಕೊಂಡೇ ವಾದಕ್ಕೆ ನಿಂತರು.

ಶಿವಗಂಗಮ್ಮ ಹಗ್ಗವನ್ನು ಚಂದ್ರಯ್ಯನ ಕಡೆಗೆ ಸ್ವಲ್ಪವೇ ಎಳೆದರು. ಈಶ್ವರಯ್ಯನವರ ಮೂಗು ಅತ್ತ ತಿರುಗಿತು. ಮೈಯೂ ಹಿಂದೆಯೇ ಹೋಯಿತು.