ಸ್ವಾಗತ ಕೊಠಡಿಯ ಮೀನುಮರಿಗಳ ಬಾಣಂತನ

ಸಂಖ್ಯೆ: ಸ್ವಾ.ಕೊ./ಮೀ.ಮ./ಹಸಿವು/ತುರ್ತು

ವಿಷಯ: ರವಾನೆ ಗುಮಾಸ್ತೆಯವರು ಮಗಳ ಬಾಣಂತನಕ್ಕೆ ತೆರಳುವ ಅವಧಿಯಲ್ಲಿ ಮೀನುಮರಿಗಳಿಗೆ ಸೀಗಡಿ ಮೊಟ್ಟೆ ಒಡೆಸಿ ಉಣಿಸುವ ಬಗ್ಗೆ.

ಉಲ್ಲೇಖ: (೧) ಸದರಿಯವರ ರಜೆ ಅರ್ಜಿ. (೨) "ನೀವು ಹೋದ್ರೆ ಈ ಮರಿಗಳ ಗತಿ ಏನಮ್ಮಾ?" ಎಂಬ ಅಧೀಕ್ಷಕರ ಮೌಖಿಕ ಷರಾ. (೩) ಅದನ್ನು ಕೇಳಿ ಸದರಿಯವರು ಮಡಚಿ ಒಳಗಿಟ್ಟ ಬಸ್ಸಿನ ವೇಳಾಪಟ್ಟಿ.

ಮೊಮ್ಮಗು ಹುಟ್ಟಿದ ಸುದ್ದಿ ಬಂದಾಗಿನಿಂದ ಗುಮಾಸ್ತೆಯವರ ಜೀವ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂಬಂತಾಗಿದ್ದು, ಲಕೋಟೆಗೆ ಅಂಟಿಸಬೇಕಾದ ಅಂಚೆಚೀಟಿಯನ್ನು ಅವರು ಅಧೀಕ್ಷಕರ ಕಾಫಿ ಲೋಟಕ್ಕೆ ಅಂಟಿಸಿರುವುದು ಗಮನಕ್ಕೆ ಬಂದಿದೆ. ಮರಿಗಳಿಗೆ ಉಣಿಸುವುದು ಅವರೊಬ್ಬರಿಗೇ ಗೊತ್ತಿದ್ದು, ಬೇರೆಯವರು ಈ ಕೆಲಸ ಕಲಿಯದ ಹೊರತು ಅವರಿಗೆ ರಜೆ ಸಿಗುವಂತಿಲ್ಲ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಕಂದು ಪುಡಿಯಂತಿರುವ ಸೀಗಡಿ ಮೊಟ್ಟೆಗಳನ್ನು ಉಪ್ಪುನೀರಿನ ಬಾಟಲಿಗೆ ಹಾಕಿ, ಗಾಳಿಯ ಕೊಳವೆ ಬಿಟ್ಟು, ಬೆಚ್ಚಗಿಡತಕ್ಕದ್ದು. ಸದರಿ ಪುಡಿಯನ್ನು ಕಾಫಿಪುಡಿಯ ಪಕ್ಕ ಇಡತಕ್ಕದ್ದಲ್ಲ. ಕಳೆದ ವಾರ ಈ ಪುಡಿ ಬೆರೆತ ಕಾಫಿ ಕುಡಿದವರು ಇವತ್ತೇ ರುಚಿ ಬಂದಿದೆ ಎಂದು ಹೊಗಳಿದ್ದನ್ನು ಪೂರ್ವನಿದರ್ಶನವಾಗಿ ಪರಿಗಣಿಸಲಾಗದು.

೨. ಒಣ ಮೊಟ್ಟೆಗಳು ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ನೀರಿಗೆ ಹಾಕಿದ ಮರುದಿನ ಜೀವ ತಳೆಯುತ್ತವೆ. ಇದೇ ನಂಬಿಕೆಯಿಂದ ಬಾಕಿ ಕಡತಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿದ ಆಡಳಿತ ಶಾಖೆಯವರಿಂದ ಸಮಜಾಯಿಷಿ ಕೋರಲಾಗಿದೆ.

೩. ಸೀಗಡಿಮರಿಗಳು ಬೆಳಕಿನತ್ತ ಬರುವುದರಿಂದ, ಕೊಠಡಿಯ ದೀಪ ಆರಿಸಿ ಬಾಟಲಿಯ ಬುಡಕ್ಕೆ ಟಾರ್ಚ್ ಹಿಡಿದು ಸೋಸತಕ್ಕದ್ದು. ಆ ಹೊತ್ತಿನಲ್ಲಿ ಸಾರ್ವಜನಿಕರು ಟಾರ್ಚಿನ ಸುತ್ತ ಮುತ್ತಿಕೊಳ್ಳತಕ್ಕದ್ದಲ್ಲ. ಅವರನ್ನು ಸೋಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

೪. ಸೋಸಿದ್ದನ್ನು ಸಿಹಿನೀರಿನಲ್ಲಿ ತೊಳೆದು ಕೂಡಲೇ ಉಣಿಸತಕ್ಕದ್ದು. ಕಚೇರಿಗೆ ಬಂದದ್ದಕ್ಕೆಲ್ಲ ಮೊಹರು ಬೀಳಲೇಬೇಕೆಂದು ಆವಕ ಶಾಖೆಯವರು ಒಂದೊಂದು ಸೀಗಡಿಗೂ ಮೊಹರು ಒತ್ತಲು ಕುಳಿತದ್ದರಿಂದ ನಿನ್ನೆ ಮೀನುಮರಿಗಳು ಉಪವಾಸ ಬಿದ್ದಿವೆ. ಮೊಹರು ಬಿದ್ದ ಸೀಗಡಿಗಳ ಪ್ರಕರಣ ಮುಕ್ತಾಯಗೊಂಡಿದೆ. ಇದನ್ನು ಕಂಡು ಗುಮಾಸ್ತೆಯವರು ಮಗಳ ಮನೆಗೆಂದು ಕಟ್ಟಿದ್ದ ಚೀಲ ಬಿಚ್ಚಿಟ್ಟಿದ್ದಾರೆ.

೫. ಹೆತ್ತ ಮರಿಗಳನ್ನೇ ನುಂಗುವ ತಾಯಿಮೀನನ್ನು ಬೇರೆ ತೊಟ್ಟಿಯಲ್ಲಿಡತಕ್ಕದ್ದು. ಅದಕ್ಕೂ ಹೆರಿಗೆ ರಜೆ ಕೊಡಬೇಕೆಂಬ ನೌಕರರ ಸಂಘದ ಮನವಿಯನ್ನು ವಿಷಾದದಿಂದ ತಿರಸ್ಕರಿಸಲಾಗಿದೆ.

೬. ಈ ದಿನ ಬೆಳಿಗ್ಗೆ ಅಧೀಕ್ಷಕರೇ ಅಂಗಿಯ ತೋಳು ಮಡಚಿ, ನೆಲದ ಮೇಲೆ ಕುಳಿತು ಸೀಗಡಿ ಉಣಿಸಿದ್ದು, ಮರಿಗಳ ಹೊಟ್ಟೆ ತುಂಬಿ ಸೀಗಡಿಯ ಕಿತ್ತಳೆ ಬಣ್ಣಕ್ಕೆ ತಿರುಗಿರುವುದು ದೃಢಪಟ್ಟಿದೆ. ಬಾಗಿಲಲ್ಲಿ ನಿಂತು ಇದನ್ನು ನೋಡಿದ ಗುಮಾಸ್ತೆಯವರು "ಸರ್, ಹಾಗಾದ್ರೆ ನಾನಿನ್ನು ಹೊರಡ್ಲಾ?" ಎಂದು ಕೇಳಿದ್ದು, ರಜೆ ಮಂಜೂರು ಮಾಡಲಾಗಿದೆ. ಆದೇಶದ ಪ್ರತಿಗೂ ಕಾಯದೆ ಅವರು ಬಸ್ಸು ಹತ್ತಿರುವುದನ್ನು ಇಲಾಖೆಯು ಸಂತೋಷದಿಂದ ಗಮನಿಸಿದೆ.

ಸಹಿ/- (ಕೈ ಒದ್ದೆಯಿದ್ದುದರಿಂದ ಅಸ್ಪಷ್ಟ)
ಅಧೀಕ್ಷಕರು ಹಾಗೂ
ಮೀನುಮರಿಗಳ ಪ್ರಭಾರ ಅಜ್ಜಿ

ಪ್ರತಿಗಳು:
೧. ಆವಕ ಶಾಖೆಗೆ, ಮೊಹರು ಒತ್ತದೆ ಸ್ವೀಕರಿಸಲು.
೨. ತಾಯಿಮೀನಿಗೆ, ಗಾಜಿನ ಹೊರಗಿನಿಂದ ತೋರಿಸಲು.
೩. ರವಾನೆ ಗುಮಾಸ್ತೆಯವರಿಗೆ, ಮಗು ಮಲಗಿದ ಮೇಲೆ ಓದಿಕೊಳ್ಳಲು.