ಫಾರಿನ್ ದೊರೆಗಳೂ ಗುಲಾಬಿ ಕೈಗಳೂ

ಪೊಲೀಸ್ ಸ್ಟೇಷನ್ನಿನಲ್ಲಿ ಕಸ ಗುಡಿಸಿ ಟೀ ಕಾಯಿಸಿದವಳು ನಗೋ ಸಂಗತೀನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಪೊರಕೆಗೆ ಸಿಗ್ತವೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಕಾಗುಣಿತ ಅಷ್ಟಕ್ಕಷ್ಟೇ, ಕಿವಿ ಮಾತ್ರ ಚುರುಕು. ಸ್ಟೇಷನ್ ಯಾವುದು ಅಂತ ಹೇಳಲ್ಲ. ಹಿಂದೂಪುರದ ಕಡೇದು ಅಂತ ಇಟ್ಕೊಳ್ಳಿ.

ತೊಂಬತ್ತರ ಈಚಿನ ಮಾತು. ಫಾರಿನ್ನಿನಿಂದ ಮೂವರು ದೊರೆಗಳು ಬರ್ತಾರೆ ಅಂತ ಸುದ್ದಿಯಾಯ್ತು. ಅವರ ದೇಶದಲ್ಲಿ ಲಂಚ ತಿನ್ನೋರನ್ನ ಹಿಡಿಯೋರು, ಪೊಲೀಸರ ಮೇಲಿನ ದೂರು ಕೇಳೋರು ಅವರೇ ಅಂತೆ. ನಮ್ಮ ಲಂಚ ಹಿಡಿಯೋ ಇಲಾಖೆಯವರ ಜೊತೆ ಸೇರಿ, ಇವರ ಕೆಲಸ ಅವರು, ಅವರ ಕೆಲಸ ಇವರು ನೋಡಿ ಕಲೀತಾರಂತೆ.

ಅವತ್ತಿಂದ ನಮ್ಮ ಇನ್‌ಸ್ಪೆಕ್ಟರು ಕೂತಲ್ಲಿ ಕೂರಲಿಲ್ಲ. ಒಂದು ಲೋಟ ಟೀನ ಮೂರು ಕಡೆ ನಿಂತು ಕುಡಿಯೋರು. ಭಯ ಏನಪ್ಪಾ ಅಂದ್ರೆ ಕಲ್ಯಾಣದುರ್ಗ. ಅದು ಅವರ ಅತ್ತೆ ಊರು. ಅಲ್ಲಿ ಡ್ಯೂಟಿ ಮಾಡುವಾಗ ಅತ್ತೆ ಮನೇಲೇ ಇದ್ದರಂತೆ, ಆಯಮ್ಮ ಯೂನಿಫಾರಂ ಮೇಲೇನೇ ಅಳಿಯನ ಕೈಲಿ ಬೋರಿಂಗ್ ನೀರು ಹೊರಿಸ್ತಿದ್ಳಂತೆ. ನಾನು ಕಂಡಿಲ್ಲ. ಕಂಡೋರು ಹೇಳಿದ್ದನ್ನ ಕಂಡಂಗೇ ಹೇಳಬಲ್ಲೆ, ಅಷ್ಟೆ. ಯಾರಯಾರದೋ ಕಾಲು ಹಿಡಿದು ಇಲ್ಲಿಗೆ ವರ್ಗ ಮಾಡಿಸ್ಕೊಂಡಿದ್ದರು.

"ಒಂದು ರಿಮಾರ್ಕು ಬಿತ್ತೋ, ತಿರುಗಾ ಕಲ್ಯಾಣದುರ್ಗ ಕಣಮ್ಮಾ" ಅಂತ ನನ್ನ ಹತ್ರಾನೇ ಹೇಳ್ಕೊಂಡರು. ಅಂಥ ಮಾತು ನನ್ನ ಹತ್ರ ಹೇಳಿದ್ದೇ ಅವರ ಮೊದಲನೇ ತಪ್ಪು. ಸಂಜೆಯೊಳಗೆ ಲೇಪಾಕ್ಷಿ ಬಸ್ಸಿನೋರಿಗೂ ಗೊತ್ತಾಗಿತ್ತು.

೧. ದೂರಿನ ಪೆಟ್ಟಿಗೆ

ಪೊಲೀಸರ ಮೇಲೆ ಜನ ದೂರು ಹಾಕೋಕೆ ಒಂದು ಪೆಟ್ಟಿಗೆ ಇರಬೇಕು ಅಂತ ಆರ್ಡರ್ ಬಂತು. ಪೆಟ್ಟಿಗೆ ಬಂತು. ಯಾರಾದರೂ ಕದ್ದಾರು ಅಂತ ಇನ್‌ಸ್ಪೆಕ್ಟರು ಅದನ್ನ ತಮ್ಮ ಕುರ್ಚಿ ಹಿಂದೇನೇ ಹೊಡೆಸಿದರು. ಅಲ್ಲಿಗೆ ಹೋಗಿ ಯಾವ ಗಂಡು ದೂರು ಹಾಕ್ತಾನೆ?

ದೊರೆಗಳು ಬರೋ ಹಿಂದಿನ ದಿನ ತೆಗೆದರೆ ಖಾಲಿ. "ಏಮಯ್ಯಾ, ಖಾಲಿ ಇದ್ರೆ ಅನುಮಾನ ಬರಲ್ವಾ? ಒಬ್ಬೊಬ್ರೂ ಒಂದೊಂದು ಸಣ್ಣ ದೂರು ಬರೆದು ಹಾಕ್ರಿ" ಅಂದರು.

ಕಾನ್‌ಸ್ಟೇಬಲ್ಲುಗಳು ಅಂಥ ಶ್ರದ್ಧೆಯಿಂದ ಬರೆದಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಒಬ್ಬ ಹಾಳೆ ಸಾಲದೆ ಇನ್ನೊಂದು ಕೇಳಿದ. ಪೆಟ್ಟಿಗೆ ತೆಗೆದು ಓದ್ತಾ ಓದ್ತಾ ಇನ್‌ಸ್ಪೆಕ್ಟರ ಮುಖ ಒಣಗಿದ ಬದನೆಕಾಯಿ ಆಯ್ತು. ಅಷ್ಟೂ ಅವರ ಮೇಲೇನೇ! ಎಲ್ಲಾ ಹರಿದು ಹಾಕಿ ಒಂದೇ ಒಂದು ಉಳಿಸಿದರು: "ಈ ಸ್ಟೇಷನ್ನಿನ ಟೀಗೆ ರುಚಿಯಿಲ್ಲ." ಫಾರಿನ್ನಿಗೆ ಹೋದ ದೂರು ಒಂದೇ, ಅದೂ ನನ್ನ ಮೇಲೆ!

೨. ಕೈ ಕುಲುಕೋ ಪಾಠ

"ದೊರೆಗಳು ಕೈ ಕೊಡ್ತಾರೆ, ನಮಸ್ಕಾರ ಹಾಕಿ ಮಾನ ಕಳೀಬೇಡ್ರಿ" ಅಂತ ಸಾಲಾಗಿ ನಿಲ್ಲಿಸಿ ಪಾಠ ಶುರು ಮಾಡಿದರು. ಎಲ್ಲರೂ ಕಲಿತರು, ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರನ್ನ ಬಿಟ್ಟು. ಎದುರಿಗೆ ಒಂದು ಕೈ ಬಂದ್ರೆ ಸಾಕು, ಇವರ ಮುಖ ಆಕಡೆ ತಿರುಗೋದು, ಅಂಗೈ ಮೇಲಾಗಿ ಮೇಜಿನ ಕೆಳಕ್ಕೆ ಹೋಗೋದು.

"ಹೆಡ್ಡೂ, ಕೈ ಮೇಲಕ್ಕಪ್ಪಾ!"

"ಏನ್ಮಾಡ್ಲಿ ಸಾರ್, ಮೂವತ್ತು ವರ್ಷದ ಸರ್ವೀಸು. ಕೈ ಕೇಳಲ್ಲ."

೩. ಗುಲಾಬಿ ನೀರು

ದೊರೆಗಳು ಬಂದವರೇ, ಪರಿಚಯ ಆಮೇಲೆ, ಮೊದಲು ಇಲ್ಲಿ ಲಂಚ ಹೆಂಗೆ ಹಿಡೀತೀರಿ ತೋರಿಸಿ ಅಂದರು. ಇಲಾಖೆಯ ದೊಡ್ಡ ಆಫೀಸರು ಒಂದು ನೋಟಿಗೆ ಅದೆಂಥದೋ ಬಿಳೀ ಪುಡಿ ಸವರಿದರು. ಹೆಡ್ ಕಾನ್‌ಸ್ಟೇಬಲ್ಲು ಲಂಚ ತಗೊಳ್ಳೋ ಪಾರ್ಟು. ಅದಕ್ಕೆ ಪಾಠ ಬೇಕಾಗಲಿಲ್ಲ. ತಗೊಂಡ ಕೈನ ಸೋಡಾ ಹಾಕಿದ ನೀರಲ್ಲಿ ಅದ್ದಿದ್ರೆ ನೀರೆಲ್ಲಾ ಗುಲಾಬಿ! ಚಪ್ಪಾಳೆಯೋ ಚಪ್ಪಾಳೆ.

ಆ ಮೂವರಲ್ಲಿ ಉದ್ದಕ್ಕಿದ್ದ ದೊರೆಗೆ ಭಾರೀ ಖುಷಿ. ಪುಡಿ ಮೆತ್ತಿದ ನೋಟನ್ನ ಹಿಂದೆ ಮುಂದೆ ತಿಕ್ಕಿ ನೋಡಿದ. ಅದೇ ಕೈಲಿ ಸಾಲಾಗಿ ಎಲ್ಲರ ಕೈ ಕುಲುಕಿದ, ದೊಡ್ಡ ಆಫೀಸರದ್ದೂ ಕುಲುಕಿದ. ನಮ್ಮ ಇನ್‌ಸ್ಪೆಕ್ಟರ ಸರದಿ ಬಂದಾಗ, ಎರಡು ದಿನ ಊರಿಗೆಲ್ಲಾ ಪಾಠ ಹೇಳಿದ ಪುಣ್ಯಾತ್ಮ, ಗಾಬರೀಲಿ ಎರಡು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಹೊಡೆದುಬಿಟ್ಟರು!

ಊಟದ ಹೊತ್ತಾಯ್ತು. ಬಕೆಟ್ಟು ಪಳಪಳ ಅನ್ನಬೇಕು ಅಂತ ಬೆಳಿಗ್ಗೆಯಿಂದ ಇನ್‌ಸ್ಪೆಕ್ಟರು ನನ್ನ ಪ್ರಾಣ ತೆಗೆದಿದ್ದರು. ವಾಷಿಂಗ್ ಸೋಡಾ ಸುರಿದು ತಿಕ್ಕಿದ್ದೆ. ಅವರ ಅವಸರಕ್ಕೆ ಸರಿಯಾಗಿ ಜಾಲಿಸದೆ ಅದರಲ್ಲೇ ನೀರು ತುಂಬಿಟ್ಟಿದ್ದೆ. ಒಬ್ಬೊಬ್ಬರ ಕೈಗೂ ಚೊಂಬಿನಲ್ಲಿ ನೀರು ಹುಯ್ದೆ ನೋಡಿ. ಕಾನ್‌ಸ್ಟೇಬಲ್ಲುಗಳ ಕೈ ಗುಲಾಬಿ. ಉದ್ದದ ದೊರೆ ಕೈ ಗುಲಾಬಿ. ಲಂಚ ಹಿಡಿಯೋ ದೊಡ್ಡ ಆಫೀಸರ ಕೈಯಂತೂ ಮದುವಣಗಿತ್ತೀದು! ಕೊನೆಗೆ ಇನ್‌ಸ್ಪೆಕ್ಟರು ಕೈ ಒಡ್ಡಿದರು. ನೀರು ತಿಳಿಯಾಗೇ ಇಳೀತು.

ಉದ್ದದ ದೊರೆ ಹೊಟ್ಟೆ ಹಿಡಕೊಂಡು ನಕ್ಕ. "ಎರಡು ದೇಶದವರು ಸೇರಿ ಹುಡುಕಿದ್ರೂ ಶುದ್ಧವಾದ ಕೈ ಇದೊಂದೇ" ಅಂತ ಪುಸ್ತಕದಲ್ಲಿ ಬರೆದುಕೊಟ್ಟು ಹೋದನಂತೆ. ಇನ್‌ಸ್ಪೆಕ್ಟರು ಅವತ್ತು ಮೊದಲನೇ ಸಲ ಕೂತು ಟೀ ಕುಡಿದರು.

ತಿಂಗಳೊಳಗೆ ಮೇಲಿಂದ ಕಾಗದ ಬಂತು. ಇಷ್ಟು ಹೆಸರು ತಂದ ಆಫೀಸರಿಗೆ ಏನಾದರೂ ಉಪಕಾರ ಮಾಡಬೇಕಲ್ಲ ಅಂತ ಫೈಲು ತೆಗೆದು ನೋಡಿದರಂತೆ, ಹೆಂಡತಿ ಊರು ಯಾವುದು ಅಂತ. ಬಹುಮಾನವಾಗಿ ಕಲ್ಯಾಣದುರ್ಗಕ್ಕೇ ಹಾಕಿದರು!

ಅತ್ತೆ ತಾನೇ ಬಸ್ಸು ಹತ್ತಿ ಕರಕೊಂಡು ಹೋಗೋಕೆ ಬಂದಳು. ಅಳಿಯ ಸಾಮಾನಿನ ಮಧ್ಯೆ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ನನ್ನ ಹತ್ರ ಬಂದು ಮೆಲ್ಲಗೆ ಕೇಳಿದಳು: "ನಮ್ಮ ಅಳಿಯಂದು ಅಷ್ಟು ಶುದ್ಧವಾದ ಕೈಯಾ ಅಮ್ಮಾ?"

"ಫಾರಿನ್ನಿನೋರೇ ಬರೆದುಕೊಟ್ಟವ್ರೆ" ಅಂದೆ.

"ಸರಿಹೋಯ್ತು ಬಿಡು. ಪ್ರತಿ ವರ್ಷ ನಮ್ಮನೇಲಿ ಆವಕಾಯಿ ಉಪ್ಪಿನಕಾಯಿ ಬೂಷ್ಟು ಹಿಡೀತಿತ್ತು. ಈ ಸಲ ಅಷ್ಟೂ ಜಾಡಿ ಅವರ ಕೈಲೇ ಕಲಸ್ತೀನಿ."